ಜೋಳದ ದಂಟು ಹಿಡಿದು ಲೇಥ್ ಕೊಂಡದ್ದು

ಸುರಪುರದಲ್ಲಿ ನನ್ನಷ್ಟು ಯಂತ್ರ ಬಲ್ಲವರು ಇನ್ನೂ ಹುಟ್ಟಿಲ್ಲ; ಹುಟ್ಟಿದ್ದರೆ ನನಗೆ ಹೇಳುತ್ತಿದ್ದರು. ತಂಗಿಯ ಮಗಳು ಗಂಗಾ ಯಾದಗಿರಿಯಲ್ಲಿ ನಡೆಯುವ ಗುರಿ ಹೊಡೆಯುವ ಸ್ಪರ್ಧೆಗೆ ಹೋಗುವವಳು. ಅವಳ ಏರ್ ರೈಫಲ್ಲಿನ ನಳಿಗೆಯ ಬಾಯಿ ಜಜ್ಜಿಹೋಗಿ ಗುರಿ ತಪ್ಪತೊಡಗಿತ್ತು. "ನಾನೇ ಲೇಥ್ ತಂದು ಸರಿ ಮಾಡ್ತೀನವ್ವಾ" ಎಂದುಬಿಟ್ಟೆ.

ಲೇಥ್ ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ; ನಳಿಗೆ ಅದರ ತೂತಿನೊಳಗೆ ತೂರಬೇಕು. ಆದರೆ ಬಸ್ಸಿನಲ್ಲಿ ನಳಿಗೆ ಹಿಡಿದು ಕುಳಿತರೆ ಜನ ಇಳಿದು ಓಡುತ್ತಾರೆ. ಅದಕ್ಕೆ ಅಷ್ಟೇ ದಪ್ಪದ ಜೋಳದ ದಂಟು ಕೊಯ್ದಿಟ್ಟು, ಮುಂದಿನ ವಾರ ಶಹಾಪುರಕ್ಕೆ ಹೋದೆ.

ಹಳೇ ಯಂತ್ರ ಮಾರುವ ಶಾಂತಮ್ಮನ ಅಂಗಡಿಯಲ್ಲಿ ಮಿರಮಿರ ಮಿಂಚುವ ಚಿಕ್ಕ ಲೇಥೊಂದಿತ್ತು. ಇದು ಬಂದೂಕಿನ ನಳಿಗೆಯ ಅಳತೆ ಎಂದು ಶಾಂತಮ್ಮನಿಗೆ ಹೇಳಿ ತೂರಿಸಿದರೆ, ದಂಟು ಅಳತೆ ಕೊಟ್ಟು ಹೊಲಿಸಿದಂತೆ ಒಳಹೋಯಿತು.

"ನೋಡವ್ವಾ, ಇದಕ್ಕಂತಾರ ಕಣ್ಣಳತಿ!"

"ದಂಟ ಯಾವಾಗ ಕೊಯ್ದೀರಿ, ಕಾಕಾ?"

"ವಾರ ಆತು."

"ಹಂಗಾದ್ರ ಅದು ಒಣಗಿ ಸಣ್ಣ ಆಗ್ಯಾದ. ನಿಮ್ಮ ನಳಿಗಿನೂ ಒಣಗ್ತದೇನ್ರಿ?"

ಅಂಗಡಿಯೆಲ್ಲ ನಕ್ಕಿತು. ಅವಳನ್ನು ಪರೀಕ್ಷೆ ಮಾಡಿದವನಂತೆ ನಾನೂ ನಕ್ಕು, ದಂಟಿನ ಜೊತೆ ಬೆರಳೂ ತೂರುವ ಹಳೆಯ ಲೇಥೊಂದನ್ನು ಆರಿಸಿದೆ.

ಮನೆಯಲ್ಲಿ ನಳಿಗೆ ಸಲೀಸಾಗಿ ತೂರಿತು, ಬಾಯಿಯೂ ನೆಟ್ಟಗಾಯಿತು. ಗಂಗಾಳ ಮೊದಲ ಗುಂಡೇ ನಡುವಿನ ಚುಕ್ಕಿಗೆ ಬಿತ್ತು.

"ಮಾಮಾ, ಈ ಸಲ ಯಾದಗಿರಿಗಿ ಧೈರ್ಯಲೇ ಹೋಗ್ತೀನಿ" ಎಂದಳು.

ಅಷ್ಟರಲ್ಲಿ ನನ್ನ ಅಳತೆಗೋಲಾದ ಆ ಜೋಳದ ದಂಟನ್ನು ಎಮ್ಮೆ ತಿಂದಿತ್ತು. ಇಲ್ಲದಿದ್ದರೆ ವಸ್ತುಸಂಗ್ರಹಾಲಯದವರು ಬಂದು ಅದನ್ನು ಕೇಳುತ್ತಿದ್ದರು.