ಸಾಬೂದಾಣಿಯ ಉಪವಾಸ

2014ರಲ್ಲಿ ನಾನು ಪರದೇಶದಲ್ಲಿ, ಈಸ್ಟ್‌ಗೇಟ್ ಎಂಬ ಊರಿನ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಕೋಣೆ ಒರೆಸುವ ಕೆಲಸದಲ್ಲಿದ್ದೆ. ಒಬ್ಬ ರೋಗಿ ಹೋದ ಮೇಲೆ ಮಂಚದ ಮೇಲಿನ ಕಾಗದ ಬದಲಿಸಿ, ಕುರ್ಚಿ ಒರೆಸಿ, ನೆಲ ಗುಡಿಸಿ ಇನ್ನೊಬ್ಬರಿಗೆ ಕೋಣೆ ಸಿದ್ಧ ಮಾಡಬೇಕು. ಉಡುಪಿ ಕಡೆಯವಳಾದ ನಾನು ಓದಿದ್ದು ಏಳನೇ ಕ್ಲಾಸು. ಆ ಕೆಲಸಕ್ಕೆ ಅಷ್ಟೂ ಬೇಕಿರಲಿಲ್ಲ.

ಅಲ್ಲಿ ರೋಗಿಗಳನ್ನು ನೋಡುತ್ತಿದ್ದವಳು ಕ್ಯಾರೊಲ್, ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್. ಅಂದರೆ ತಾನೇ ಪರೀಕ್ಷೆ ಮಾಡಿ, ರೋಗ ಗುರುತಿಸಿ, ಔಷಧಿ ಬರೆದುಕೊಡುವ ನರ್ಸ್. ನೆಗಡಿ, ಬಿ.ಪಿ., ಶುಗರ್, ಮಕ್ಕಳ ಕಿವಿನೋವು ಎಲ್ಲಕ್ಕೂ ಅವಳೇ. ಕೆಲಸ ಚೊಕ್ಕ, ಮಾತು ಸ್ವಲ್ಪ ಜಾಸ್ತಿ.

ಆ ವರ್ಷ ಗದಗದಿಂದ ಕಮಲವ್ವ ಎಂಬವರು ಮಗಳು ರೂಪಾಳ ಬಾಣಂತನಕ್ಕೆ ಬಂದಿದ್ದರು. ಊರಿನಿಂದಲೇ ಶುಗರ್ ಮಾತ್ರೆ ನುಂಗುತ್ತಿದ್ದವರು. ಅವರ ಫಾಸ್ಟಿಂಗ್ ಶುಗರನ್ನು ಕ್ಯಾರೊಲ್ ನೋಡಿದಳು. ರಾತ್ರಿಯಿಂದ ಏನೂ ತಿನ್ನದೆ ಬಂದು ಬೆಳಿಗ್ಗೆ ಕೊಡುವ ರಕ್ತದ ಪರೀಕ್ಷೆ ಅದು. 130ರ ಒಳಗಿರಬೇಕಾದದ್ದು 232 ಬಂತು. ಮಾತ್ರೆ ದುಪ್ಪಟ್ಟಾಯಿತು.

ಆಮೇಲೆ ಮಧ್ಯಾಹ್ನವಾದರೆ ಕಮಲವ್ವನಿಗೆ ಬೆವರು, ನಡುಕ, ಕಣ್ಣು ಕತ್ತಲೆ. ಒಂದು ದಿನ ಕೂಸನ್ನು ಎತ್ತಿಕೊಂಡವರು ಹಾಗೆಯೇ ಮೆಟ್ಟಿಲ ಮೇಲೆ ಕುಸಿದು ಕೂತರು. ಕೂಸಿಗೆ ಏನೂ ಆಗಲಿಲ್ಲ. ಅಂದಿನಿಂದ ರೂಪಾ ಕೂಸನ್ನು ತಾಯಿಯ ಕೈಗೆ ಕೊಡುವುದನ್ನೇ ನಿಲ್ಲಿಸಿದಳು. ಮೊಮ್ಮಗುವಿಗೆ ಎಣ್ಣೆ-ನೀರು ಎರೆಯಲು ಅಷ್ಟು ದೂರ ಬಂದ ಮುದುಕಿ ಸೋಫಾದ ಮೇಲೆ ಕೂತು ಬರೀ ನೋಡಬೇಕು.

ಎರಡು ವಾರ ಬಿಟ್ಟು ಮತ್ತೆ ಬಂದರು. ಈ ಸಲ ಫಾಸ್ಟಿಂಗ್ 241. ಆದರೆ ಮೂರು ತಿಂಗಳ ಸರಾಸರಿ ತೋರಿಸುವ ಎ1ಸಿ ಪರೀಕ್ಷೆ 6.6, ಅಂದರೆ ಶುಗರ್ ಹಿಡಿತದಲ್ಲೇ ಇದೆ.

“ಇವೆರಡರಲ್ಲಿ ಒಂದು ಸುಳ್ಳು ಹೇಳ್ತಾ ಇದೆ,” ಎಂದಳು ಕ್ಯಾರೊಲ್. ನಿಜವಾಗಿ ಏನೂ ತಿಂದಿಲ್ಲವೇ ಎಂದು ಕೇಳಿದಳು.

“ನಿನ್ನೆ ರಾತ್ರಿಯಿಂದ ಫಾಸ್ಟಿಂಗ್. ನಾನೇ ಕೇಳಿದೀನಿ,” ಎಂದಳು ರೂಪಾ.

ಇನ್ನೊಮ್ಮೆ ಪರೀಕ್ಷೆ ಮಾಡಲು ಕ್ಯಾರೊಲ್ ಆಚೆ ಹೋದಾಗ ಕೂಸು ಹಾಲು ಕಕ್ಕಿತು. ರೂಪಾ ಅದನ್ನು ತೊಳೆಯಲು ಎತ್ತಿಕೊಂಡು ಹೋದಳು. ನೆಲ ಒರೆಸಲು ನನ್ನನ್ನು ಕರೆದರು.

ನನ್ನ ಕೆಲಸವೇ ನೆಲ ನೋಡುವುದು. ಕಮಲವ್ವನ ಕುರ್ಚಿಯ ಕೆಳಗೆ ಶೇಂಗಾ ಪುಡಿ ಹತ್ತಿದ ಒಂದು ಸಾಬೂದಾಣಿ ಕಾಳು, ಅಂದರೆ ಸಬ್ಬಕ್ಕಿ, ಅಂಟಿತ್ತು. ಇನ್ನೊಂದು ಅವರ ಸ್ವೆಟರ್ ತೋಳಿಗೆ.

“ಬೆಳಿಗ್ಗೆ ಎಂತ ತಿಂದ್ರಿ ಅಮ್ಮ?”

“ಅಯ್ಯ, ಕನ್ನಡದವರೇನ್ರಿ ನೀವು? ಏನೂ ತಿಂದಿಲ್ರಿ. ಉಪಾಸ ಅದೀನಿ.”

“ಮತ್ತೆ ಇದು?”

“ಸಾಬೂದಾಣಿ ಖಿಚಡಿ. ಅದು ತಿಂದ್ಹಂಗೇನ್ರಿ? ಉಪಾಸದ್ದು ಅದು.”

“ಅಷ್ಟೇಯಾ?”

“ಅಷ್ಟ. ಮ್ಯಾಲೆ ಎರಡು ಬಾಳೆಹಣ್ಣು, ಒಂದು ವಾಟಗಾ ಸಕ್ಕರಿ ಹಾಲು. ರೊಟ್ಟಿ, ಅನ್ನ ಮುಟ್ಟಿದ್ರ ಕೇಳ್ರಿ. ಪಾಪ, ಅಕಿ ಇನ್ನೂ ಎದ್ದಿರಲಿಲ್ಲ, ನಾನ ಮಾಡ್ಕೊಂಡೆ.”

ಗುಡ್ ಫ್ರೈಡೆಯ ಉಪವಾಸದಲ್ಲಿ ನಾನೂ ಮಧ್ಯಾಹ್ನ ಹೊಟ್ಟೆ ತುಂಬ ಗಂಜಿ ಉಂಡವಳೇ. ಹಾಗಾಗಿ ನಗು ಬಂದರೂ ನಗಲಿಲ್ಲ.

“ನರ್ಸ್‌ಗೆ ಹೇಳ್ಲಾ?”

“ಹೇಳ್ರಿ. ನಾ ಏನ್ ಕಳ್ಳತನ ಮಾಡೀನೇನು?”

ಕ್ಯಾರೊಲ್ ವಾಪಸ್ ಬಂದ ಕೂಡಲೇ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವಳಿಗೆ ಸಾಬೂದಾಣಿ ಗೊತ್ತಿಲ್ಲ. ಬರೀ ಪಿಷ್ಟ, ಶುಗರ್ ಏರಿಸುವುದರಲ್ಲಿ ಅನ್ನದ ಅಪ್ಪ ಅಂದೆ. ಅವಳು ಕೂತೇಬಿಟ್ಟಳು. ಲೆಕ್ಕ ಸರಿಯಾಯಿತು: ಪರೀಕ್ಷೆಯ ದಿನ ಉಪವಾಸದ ತಿಂಡಿಯಿಂದ ಶುಗರ್ ಏರುತ್ತಿತ್ತು. ಅದನ್ನು ನೋಡಿ ಹೆಚ್ಚಿಸಿದ ಮಾತ್ರೆ ಉಳಿದ ದಿನಗಳಲ್ಲಿ ಶುಗರನ್ನು ತೀರಾ ಕೆಳಗೆ ಎಳೆಯುತ್ತಿತ್ತು. ತಲೆಸುತ್ತು ಅದರಿಂದಲೇ. ಅಲ್ಲೇ ಮಾತ್ರೆಯನ್ನು ಹಳೆಯ ಅಳತೆಗೆ ಇಳಿಸಿದಳು.

ರೂಪಾ ಕೂಸಿನೊಂದಿಗೆ ಒಳಗೆ ಬಂದು ಕೇಳಿ ಹಣೆ ಚಚ್ಚಿಕೊಂಡಳು. “ಅವ್ವಾ, ಫಾಸ್ಟಿಂಗ್ ಅಂದ್ರ ಏಕಾದಶಿ ಅಲ್ಲ.”

“ಉಪಾಸ ಇರು ಅಂತ ನೀನ ಅಂದಿದ್ದಿ. ಬೇಕಾದ್ರ ನೆನಪು ಮಾಡ್ಕೋ.”

ಮುಂದಿನ ವಾರಕ್ಕೆ ನಾನೇ ಹೇಳಿ ಕಳಿಸಿದೆ: ಬರೀ ನೀರು, ಬೇರೆ ಏನೂ ಬೇಡ.

“ತೀರ್ಥ?”

“ಬಂದು ಹೋದ ಮೇಲೆ ಕುಡೀರಿ.”

ಆ ಬೆಳಿಗ್ಗೆ 118 ಬಂತು. ಕ್ಯಾರೊಲ್ ಮೊದಲು ನನಗೆ ತೋರಿಸಿ ಆಮೇಲೆ ರೋಗಿಗೆ ತೋರಿಸಿದಳು. ತಿಂಗಳಾದ ಮೇಲೆ ಕಮಲವ್ವ ಕೂಸನ್ನು ಎದೆಗೆ ಅವಚಿಕೊಂಡು ಬಂದರು. ತಲೆಸುತ್ತು ಒಂದು ದಿನವೂ ಬಂದಿರಲಿಲ್ಲ. ಕಾರಿನಿಂದ ಬಾಗಿಲ ತನಕ ತಾವೇ ಎತ್ತಿಕೊಂಡು ಬಂದದ್ದನ್ನು ಮೂರು ಸಲ ಹೇಳಿದರು.

ಕ್ಯಾರೊಲ್ ಒಂದು ಹಾಳೆ ಕೊಟ್ಟು ನನ್ನಿಂದ ಕನ್ನಡದಲ್ಲಿ ಬರೆಸಿಕೊಂಡಳು: “ಪರೀಕ್ಷೆಯ ಬೆಳಿಗ್ಗೆ ನೀರು ಮಾತ್ರ. ಸಾಬೂದಾಣಿಯೂ ಊಟವೇ.” ಏಳನೇ ಕ್ಲಾಸಿನ ನನ್ನ ಅಕ್ಷರ ನಾನು ಕೆಲಸ ಬಿಡುವ ತನಕ ಆ ಕೋಣೆಯ ಗೋಡೆಯ ಮೇಲಿತ್ತು. ಉಪವಾಸವೋ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ, ಅದರಲ್ಲಿ ಸುಳ್ಳೂ ಇರುವುದಿಲ್ಲ. ಬಾಯಿಗೆ ಏನು ಹೋಯಿತು ಎಂದು ಕೇಳಬೇಕು. ಕ್ಯಾರೊಲ್ ಅದನ್ನು ಕಲಿತಳು. ಆಮೇಲೆ ನಮ್ಮ ಕಡೆಯ ಯಾರು ಬಂದರೂ, ಕೈಗೆ ಸೂಜಿ ತಗೊಳ್ಳುವ ಮೊದಲು, ತನ್ನ ಮುರುಕು ಕನ್ನಡದಲ್ಲಿ ಕೇಳುತ್ತಿದ್ದಳು: “ಎಂತ ತಿಂದ್ರಿ?”