ಮೇಟಿ ಒರೆಸುತ್ತಿದ್ದ ಕನ್ನಡಿ

ನಮ್ಮ ಮನೆಯಲ್ಲಿ ಅಪ್ಪನ ಭಾವಚಿತ್ರವಿಲ್ಲ. ಶಿಕಾರಿಪುರದ ಹೊರಗೆ, ಸೊರಬದ ರಸ್ತೆಯ ಬದಿಗಿರುವ ಬ್ರಿಟಿಷರ ಕಾಲದ ಬಂಗಲೆಯಲ್ಲಿ ಅವರು ಮೇಟಿಯಾಗಿದ್ದರು. ಪ್ರವಾಸಕ್ಕೆ ಬರುವ ಅಧಿಕಾರಿಗಳಿಗೆ ಅಡುಗೆ ಮಾಡುವುದು, ಕೋಣೆಗಳನ್ನು ಒಪ್ಪವಾಗಿಡುವುದು ಅವರ ಕೆಲಸ. ಫೋಟೊ ತೆಗೆಸೋಣವೆಂದು ಅವ್ವ ಹೇಳಿದಾಗಲೆಲ್ಲ, ಬಂಗಲೆಯ ದೊಡ್ಡ ಕನ್ನಡಿಯಲ್ಲಿ ದಿನವೂ ಮುಖ ಕಾಣುತ್ತದೆ, ಅಷ್ಟು ಸಾಕು ಎನ್ನುತ್ತಿದ್ದರಂತೆ. ನಾನು ಐದನೆಯ ತರಗತಿಯಲ್ಲಿದ್ದಾಗ ತೀರಿಕೊಂಡರು. ಈಗ ನೆನಪಿಸಿಕೊಳ್ಳಲು ಹೋದರೆ ಮೀಸೆಯೊಂದೇ ಸ್ಪಷ್ಟವಾಗುತ್ತದೆ.

ಬಂಗಲೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆಂದು ತಿಳಿದಾಗ ಆ ಕನ್ನಡಿಯನ್ನು ನೋಡಲೇಬೇಕೆನಿಸಿತು. ಗಾಜಿನಲ್ಲಿ ಮುಖ ಉಳಿಯುವುದಿಲ್ಲವೆಂದು, ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದ ಮೊದಲನೆಯವಳಾದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಅಪ್ಪನ ಮುಖವನ್ನು ಅಷ್ಟು ವರ್ಷ ಕಂಡದ್ದು ಅದೊಂದೇ.

ಅವ್ವನನ್ನೂ ಕರೆದುಕೊಂಡು, ಈಗ ನಾವಿರುವ ಸೊರಬದಿಂದ ಬಸ್ಸಿನಲ್ಲಿ ಹೋದೆ. ಟಿಕೆಟ್ ಕೊಂಡು ತಿರುಗಿದರೆ ಅವ್ವ ಇಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹಿಂಬಾಗಿಲಲ್ಲಿ ನಿಂತಿದ್ದಳು. ಬಂಗಲೆಯ ಹಾಸಿಗೆ ಬಟ್ಟೆಗಳನ್ನು ಒಗೆದು ತಂದಾಗ ಅವಳು ನಿಲ್ಲುತ್ತಿದ್ದುದು ಅಲ್ಲಿಯೇ. ಅದರಿಂದಾಚೆ ಎಂದೂ ಕಾಲಿಟ್ಟವಳಲ್ಲ.

ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುವ ಹೆಂಗಸು ಕರೆದಳು: "ಮುಂದಿನ ಬಾಗ್ಲಿಂದ ಬರ್ರಿ ಅಮ್ಮಾ. ಟಿಕೆಟ್ ತಗಂಡೂ ಹಿಂದಿಂದ ಬಂದ್ರೆ ಕಳ್ರು ಅಂದ್ಕೋತಾರೆ."

ಅವ್ವ ನಕ್ಕು ಬಂದಳು. ಚಪ್ಪಲಿ ಮಾತ್ರ ಕೈಯಲ್ಲಿಯೇ ಇತ್ತು.

ಹಜಾರದ ಗೋಡೆಯಲ್ಲಿ, ಆಳೆತ್ತರದ ಚೌಕಟ್ಟಿನಲ್ಲಿ, ಕನ್ನಡಿ ಹೊಳೆಯುತ್ತಿತ್ತು. ಒಂದು ಕಲೆಯೂ ಇರಲಿಲ್ಲ. ಗಾಜು ಮಬ್ಬಾಗಿದ್ದರಿಂದ ಹೊಸದನ್ನು ಹಾಕಿಸಿದ್ದೇವೆ, ಚೌಕಟ್ಟು ಮಾತ್ರ ಹಳೆಯದು ಎಂದು ಆಕೆ ಹೆಮ್ಮೆಯಿಂದಲೇ ಹೇಳಿದಳು. ಹಳೆಯ ಗಾಜೆಲ್ಲಿ ಎಂದು ಕೇಳಿದೆ. ತೆಗೆಯುವಾಗಲೇ ಒಡೆಯಿತಂತೆ. ಹೊಸ ಗಾಜಿನಲ್ಲಿ ನಾನಿದ್ದೆ, ಹಿಂದೆ ಅವ್ವ ಇದ್ದಳು. ಹೊರಡೋಣವೆಂದೆ.

ಅವ್ವ ಕೇಳಲಿಲ್ಲ. ಚಪ್ಪಲಿಯನ್ನು ನನಗೆ ಕೊಟ್ಟು, ಚೌಕಟ್ಟಿನ ಎಡ ಅಂಚನ್ನು ಸವರುತ್ತ ಬೆರಳನ್ನು ಮೇಲಕ್ಕೆ ಒಯ್ದು ಒಂದೆಡೆ ನಿಲ್ಲಿಸಿದಳು. ಅಲ್ಲಿ ಪಾಲಿಶ್ ಹೋಗಿ ಮರ ಸವೆದು ನುಣುಪಾಗಿತ್ತು.

"ಎಡಗೈ ಇಲ್ಲಿ ಊರಿ, ಬಲಗೈಲಿ ಒರೆಸೋರು ನಿಮ್ಮಪ್ಪ. ದಿನಾ ಇದೇ ಜಾಗ. ಹಿಂಬಾಗ್ಲಲ್ಲಿ ನಿಂತ್ರೆ ನಂಗೆ ಕಾಣ್ತಿತ್ತು. ನೀನೂ ಇಡು."

ವಸ್ತುಗಳನ್ನು ಮುಟ್ಟಬಾರದೆಂಬ ಫಲಕ ಪಕ್ಕದಲ್ಲಿಯೇ ಇತ್ತು. ನಾನು ಆ ಹೆಂಗಸಿನ ಕಡೆ ನೋಡಿದೆ. ಆಕೆ ಕಿಟಕಿಯತ್ತ ತಿರುಗಿಕೊಂಡಳು.

ಚಪ್ಪಲಿಗಳನ್ನು ಬಲಗೈಗೆ ಬದಲಿಸಿಕೊಂಡು ಎಡಗೈ ಇಟ್ಟೆ. ಅಪ್ಪ ನನಗಿಂತ ಎತ್ತರವಿದ್ದರು, ತೋಳನ್ನು ಚಾಚಬೇಕಾಯಿತು. ಸವೆದ ಜಾಗವು ನನ್ನ ಅಂಗೈಯ ಸುತ್ತ ಇನ್ನೂ ಒಂದು ಬೆರಳಿನಷ್ಟು ಉಳಿಯಿತು.