ಇಸ್ತ್ರಿ ಹಾಕಿದ ನಕ್ಷೆ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಜರಡಿ ಅಕ್ಕ ಎನ್ನುತ್ತಿದ್ದರು. ಉಪಗ್ರಹ ಕಳಿಸುವ ರೇಡಾರ್ ಚಿತ್ರಗಳನ್ನು ಸೋಸುವುದೇ ಅವಳ ಕೆಲಸ. ಮೋಡ ಕವಿದರೂ ರೇಡಾರಿಗೆ ನೆಲ ಕಾಣುತ್ತದೆ, ನಿಜ. ಆದರೆ ಚಿತ್ರದ ತುಂಬ ಉಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳಿರುತ್ತವೆ. ಆಫೀಸಿನವರು ಅದನ್ನು ಗದ್ದಲ ಎನ್ನುತ್ತಾರೆ. ಒಂಟಿಯಾಗಿ ಹೊಳೆಯುವ ಚುಕ್ಕೆಯನ್ನು ಹುಡುಕಿ, ಅಕ್ಕಪಕ್ಕದ ಬಣ್ಣಕ್ಕೆ ಇಳಿಸಿಬಿಟ್ಟರೆ ಚಿತ್ರ ತಿಳಿಯಾಗುತ್ತದೆ.

ತಾಯಿಯಿಲ್ಲದ ಅವಳನ್ನು ಸಾಕಿದವಳು ಚಿಕ್ಕಮ್ಮ. ಹಿಟ್ಟು ಜರಡಿ ಹಿಡಿಯುವಾಗ, "ಮೇಲೆ ಉಳಿದಿದ್ದನ್ನ ಚೆಲ್ಲೋಕೆ ಮುಂಚೆ ಒಂದ್ಸಲ ನೋಡೇ," ಎಂದು ತಲೆಗೆ ಮೊಟಕುತ್ತಿದ್ದಳು. ಆಫೀಸಿನಲ್ಲಿ ನೋಡಲು ಪುರುಸೊತ್ತು ಕೊಡುವವರು ಯಾರು? ಅಲ್ಲಿ ದೊಡ್ಡ ಸಾಹೇಬರದು ಒಂದೇ ಜಪ: ನಕ್ಷೆ ನುಣ್ಣಗಿರಬೇಕು. ಹಿಂದಿನಿಂದ ಎಲ್ಲರೂ ಅವರನ್ನು ಇಸ್ತ್ರಿ ಸಾಹೇಬರು ಎನ್ನುತ್ತಿದ್ದರು. ಒಮ್ಮೆ ಸೋಸಿದ ಚಿತ್ರವನ್ನು ಅವರಿಗಾಗಿ ಇನ್ನೊಮ್ಮೆ ಸೋಸಬೇಕು. ಮೇಲಧಿಕಾರಿಗಳ ಗೋಡೆಯ ಮೇಲೆ ಚೆಂದ ಕಾಣಬೇಕಲ್ಲ! ಕಾಣಬೇಕಾದ್ದು ಕಂಡಿತೋ ಇಲ್ಲವೋ, ಅದು ಯಾರಿಗೂ ಬೇಡ.

ಹೊಳೆ ಉಕ್ಕಿದ ದಿನ ಬೆಳಿಗ್ಗೆಯೂ ಅವಳು ಎರಡು ಸಲ ಸೋಸಿದ ನಕ್ಷೆಯನ್ನೇ ಕಳಿಸಿದಳು. ಅದನ್ನು ನೋಡಿಯೇ ಜನರನ್ನು ಕರೆತರುವ ದೋಣಿಗಳು ಹೊರಟವು. ಮಧ್ಯಾಹ್ನ ಚಿಕ್ಕಮ್ಮನ ಫೋನು.

"ಮನೆ ತಗಡಿನ ಮೇಲೆ ಕೂತಿದೀವಿ ಕಣೇ. ಒಂದು ದೋಣಿನೂ ಈ ಕಡೆ ಬರ್ತಿಲ್ಲ..." ಅಷ್ಟರಲ್ಲಿ ಕಟ್ಟಾಯಿತು.

ಅವಳು ನಕ್ಷೆ ತೆರೆದಳು. ಚಿಕ್ಕಮ್ಮನ ಮನೆಯಿದ್ದ ಕಾಲುವೆ ಬದಿಯಲ್ಲಿ ಬರೀ ಕಪ್ಪು ನೀರು, ಒಂದು ಮನೆಯೂ ಇಲ್ಲ. ಸೋಸದ ಚಿತ್ರ ತೆರೆದಳು. ಅದೇ ಜಾಗದಲ್ಲಿ ಚುಕ್ಕೆಗಳ ಸಾಲು ಪಳಪಳ ಹೊಳೆಯುತ್ತಿತ್ತು. ತಗಡು ರೇಡಾರಿಗೆ ಕನ್ನಡಿಯ ಹಾಗೆ ಹೊಳೆಯುತ್ತದೆ. ತಗಡಿನ ಮನೆಗಳು! ಮೊದಲ ಸಲ ಮಂಕಾಗಿ, ಎರಡನೇ ಸಲ ಅಳಿಸಿಹೋಗಿದ್ದವು.

ಅವಳು ಸಾಹೇಬರ ಕೋಣೆಗೆ ನುಗ್ಗಿದಳು.

"ಕಳ್ಸಿದ ನಕ್ಷೆ ವಾಪಸ್ ತಗೊಂಡ್ರೆ ನಮ್ಮ ಮರ್ಯಾದೆ ಏನಾಗುತ್ತಮ್ಮ?" ಎಂದರು ಸಾಹೇಬರು. "ಅಲ್ಲೇನಿದೆ, ನಾಲ್ಕು ತಗಡು. ಅದೆಲ್ಲ ಗದ್ದಲ."

ಅವಳ ಮೈಯೆಲ್ಲ ಉರಿದುಹೋಯಿತು. "ಗದ್ದಲ ಅಲ್ಲ ಸರ್, ಜನ! ನಿಮ್ಮ ಮರ್ಯಾದೆಗೆ ಅವರು ಮುಳುಗಬೇಕಾ?"

ಉತ್ತರಕ್ಕೆ ಕಾಯದೆ ಸೋಸದ ಚಿತ್ರವನ್ನು ಅಚ್ಚು ಹಾಕಿಕೊಂಡು ರಸ್ತೆ ದಾಟಿ ಓಡಿದಳು. ಎದುರಿನ ಕಟ್ಟಡದಲ್ಲಿ ಕೂತು ದೋಣಿಗಳನ್ನು ಕಳಿಸುತ್ತಿದ್ದವನ ಮೇಜಿನ ಮೇಲೆ ಅದನ್ನು ಬಡಿದಳು.

"ಇದೇನಕ್ಕಾ, ಬರೀ ಚುಕ್ಕೆ?"

"ಒಂದೊಂದು ಚುಕ್ಕೆನೂ ಒಂದೊಂದು ಮನೆ ಅಣ್ಣ. ಕಳ್ಸು, ನಿನಗೆ ಕೈ ಮುಗೀತೀನಿ."

ಅವನು ಒಮ್ಮೆ ಚಿತ್ರ ನೋಡಿದ, ಒಮ್ಮೆ ಅವಳ ಮುಖ ನೋಡಿದ, ವೈರ್‌ಲೆಸ್ ಎತ್ತಿಕೊಂಡ.

ಸಂಜೆ, ದೋಣಿಯಲ್ಲಿ ಬಂದವರನ್ನು ಇಳಿಸಿದ್ದ ಶಾಲೆಯ ಕೋಣೆಯಲ್ಲಿ ಚಿಕ್ಕಮ್ಮ ಸಿಕ್ಕಳು. ಬೆಂಚಿನ ಮೇಲೆ ನಡುಗುತ್ತಾ ಕೂತಿದ್ದಳು. ಅವಳು ಟವೆಲ್ ತೆಗೆದು ಚಿಕ್ಕಮ್ಮನ ತಲೆ ಒರೆಸತೊಡಗಿದಳು.

"ಮೇಲಿಂದ ಎಲ್ಲಾ ಕಾಣುತ್ತೆ ಅಂತ ಜಂಭ ಕೊಚ್ಕೋತಿದ್ಯಲ್ಲೇ," ಎಂದಳು ಚಿಕ್ಕಮ್ಮ. "ನಮ್ ಮನೆಗಳು ಕಾಣ್ಲಿಲ್ವಾ?"

"ಕಂಡಿದ್ವು ಚಿಕ್ಕಮ್ಮ. ನಾನೇ ಅಳಿಸಿದೆ."

"ಯಾಕೇ?"

ಮಧ್ಯಾಹ್ನದಿಂದ ಸಾಹೇಬರ ಮೇಲಿದ್ದ ಸಿಟ್ಟೆಲ್ಲ ಈಗ ಅವಳ ಮೇಲೆಯೇ ತಿರುಗಿತು.

"ನಕ್ಷೆ ನೋಡೋಕೆ ಚೆನ್ನಾಗಿರ್ಲಿ ಅಂತ."

ಚಿಕ್ಕಮ್ಮ ಟವೆಲನ್ನು ಅವಳ ಕೈಯಿಂದ ತೆಗೆದುಕೊಂಡು, ತನ್ನ ತಲೆಯನ್ನು ತಾನೇ ಒರೆಸಿಕೊಂಡಳು.